ಕೂಡಲಾಗದ ನೋವು: ಯೋನಿಯ ಬಿಗಿತದ ಬಗ್ಗೆ ಓದುಗರ ಪ್ರಶ್ನೆಗಳಿಗೆ ಸ್ತ್ರೀರೋಗ ತಜ್ಞೆಯ ಉತ್ತರ

ಮಕ್ಕಳಾಗದಿರುವುದರ ಬಗ್ಗೆ ಈ ಅಂಕಣದಲ್ಲಿ ಹಿಂದೆ ಬರೆದಾಗ, ಮದುವೆಯಾಗಿ ವರ್ಷಗಳು ಕಳೆದರೂ ಗಂಡ ಹೆಂಡತಿ ಒಮ್ಮೆಯೂ ಕೂಡಿಲ್ಲದಿರುವುದೂ ಅದಕ್ಕೆ ಒಂದು ಕಾರಣವಾಗಿರಬಹುದು ಎಂದು ಒಂದೇ ಒಂದು ಸಾಲು ಸೇರಿಸಿದ್ದೆ. ಉಳಿದ ಇಡೀ ಬರಹಕ್ಕಿಂತ ಆ ಸಾಲಿಗೇ ಹೆಚ್ಚು ಪತ್ರಗಳು ಬಂದಿವೆ. ಅವುಗಳಲ್ಲಿ ಹೆಚ್ಚಿನವು ಧಾರವಾಡ, ಗದಗ, ಹಾವೇರಿ ಜಿಲ್ಲೆಗಳವು. ಗುರುತು ಸಿಗುವ ವಿವರಗಳನ್ನು ಬಿಟ್ಟು, ಕೆಲವನ್ನು ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನನಗೆ 27 ವರ್ಷ, ಗದಗ ಜಿಲ್ಲೆಯ ಒಂದು ಹಳ್ಳಿಯ ಸೊಸೆ. ಮದುವೆಯಾಗಿ ಮೂರು ವರ್ಷವಾಯಿತು. ಗಂಡ ಒಳ್ಳೆಯವರು, ನಮ್ಮಲ್ಲಿ ಜಗಳವಿಲ್ಲ. ಆದರೆ ಅವರು ಪ್ರಯತ್ನಿಸಿದಾಗಲೆಲ್ಲ ನನ್ನ ತೊಡೆಗಳು ತಾವಾಗಿಯೇ ಬಿಗಿದುಕೊಳ್ಳುತ್ತವೆ, ಒಳಗೆ ಗೋಡೆ ಇದ್ದಂತೆ ತಡೆಯುತ್ತದೆ, ಉರಿ ಮತ್ತು ನೋವಿನಿಂದ ಕೂಗಿಬಿಡುತ್ತೇನೆ. ಮುಟ್ಟು ಪ್ರತಿ ತಿಂಗಳು ಸರಿಯಾಗಿ ಆಗುತ್ತದೆ. ಒಬ್ಬ ವೈದ್ಯರು ‘ಹೆದರಬೇಡ, ಸರಿಯಾಗುತ್ತದೆ’ ಎಂದು ಕಳುಹಿಸಿದರು. ಇನ್ನೊಬ್ಬರು ಕನ್ಯಾಪೊರೆ ದಪ್ಪ ಇದೆ, ಅರಿವಳಿಕೆ ಕೊಟ್ಟು ಕೊಯ್ದು ಸಡಿಲು ಮಾಡೋಣ ಎಂದಿದ್ದಾರೆ. ನನ್ನ ದಾರಿ ನಿಜವಾಗಿ ಚಿಕ್ಕದೇ? ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಲೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ. ಬೇರೊಬ್ಬ ಸ್ತ್ರೀರೋಗ ತಜ್ಞರು ಸಾವಧಾನವಾಗಿ ಪರೀಕ್ಷಿಸಿ, ಒಳಗೆ ನಿಜವಾಗಿಯೂ ಅಡ್ಡಪೊರೆಯಂಥ ತಡೆ ಇದೆಯೆಂದು ಖಚಿತಪಡಿಸುವವರೆಗೆ ಶಸ್ತ್ರಚಿಕಿತ್ಸೆಗೆ ಒಪ್ಪಿಗೆ ಕೊಡಬೇಡಿ. ನೀವು ವಿವರಿಸಿರುವ ಲಕ್ಷಣಗಳು ವೆಜೈನಿಸ್ಮಸ್ ಎಂಬ ತೊಂದರೆಗೆ, ಅಂದರೆ ಯೋನಿಯ ಸುತ್ತಲಿನ ಸ್ನಾಯುಗಳು ನಮ್ಮ ಇಚ್ಛೆಯಿಲ್ಲದೆಯೇ ಬಿಗಿದುಕೊಳ್ಳುವ ಸ್ಥಿತಿಗೆ ಹೊಂದಿಕೆಯಾಗುತ್ತವೆ. ಅದಕ್ಕೆ ಕತ್ತರಿ ಮದ್ದಲ್ಲ.

ಕಿಬ್ಬೊಟ್ಟೆಯ ತಳದಲ್ಲಿ, ಮುಂದಿನ ಜಘನದ ಎಲುಬಿನಿಂದ ಹಿಂದಿನ ಬಾಲದ ಎಲುಬಿನವರೆಗೆ ಹರಡಿಕೊಂಡಿರುವ ಸ್ನಾಯುಗಳ ಪದರವೊಂದಿದೆ. ಮೂತ್ರನಾಳ, ಯೋನಿ, ಗುದನಾಳ ಮೂರೂ ಇದರ ನಡುವೆ ಹಾದುಬರುತ್ತವೆ. ಮೂತ್ರವನ್ನು ಅರ್ಧಕ್ಕೆ ತಡೆಹಿಡಿಯುವಾಗ ನಾವು ಬಿಗಿಯುವುದು ಇದೇ ಸ್ನಾಯುಗಳನ್ನು. ನಿಮ್ಮ ವಿಷಯದಲ್ಲಿ, ಏನೋ ಒಳಗೆ ಬರಲಿದೆ ಎಂದು ಮೆದುಳಿಗೆ ಅನ್ನಿಸಿದೊಡನೆ ಯೋನಿಯ ಹೊರಭಾಗವನ್ನು ಸುತ್ತುವರಿದ ಸ್ನಾಯು ಅಪ್ಪಣೆಗೆ ಕಾಯದೆ ಬಿಗಿಯುತ್ತದೆ, ಅದರ ಜೊತೆಗೆ ತೊಡೆ ಮತ್ತು ಹೊಟ್ಟೆಯ ಸ್ನಾಯುಗಳೂ ಬಿಗಿಯುತ್ತವೆ. ಕಣ್ಣಿನ ಹತ್ತಿರ ಬೆರಳು ಬಂದರೆ ರೆಪ್ಪೆ ಮುಚ್ಚಿಕೊಳ್ಳುವಂಥ ಪ್ರತಿಕ್ರಿಯೆ ಇದು. ಮುಚ್ಚಬೇಡ ಎಂದು ಬೈದರೆ ರೆಪ್ಪೆ ಕೇಳುವುದಿಲ್ಲ. ‘ಹೆದರಬೇಡ’ ಎಂಬ ಮಾತಿನಿಂದ ನಿಮಗೆ ಉಪಯೋಗವಾಗದಿದ್ದುದು ಇದೇ ಕಾರಣಕ್ಕೆ. ನಮ್ಮ ಭಾಗದ ಹೆಣ್ಣುಮಕ್ಕಳು ದವಾಖಾನೆಯಲ್ಲಿ ‘ಒಳಗ ಗ್ವಾಡಿ ಕಟ್ಟಿದಂಗ ಆಗತೈತ್ರಿ’ ಎನ್ನುವುದು ವೈದ್ಯರಿಗೆ ಅತ್ಯಂತ ಬೆಲೆಯುಳ್ಳ ಸುಳಿವು. ಆ ಗೋಡೆ ಎಂದರೆ ಬಿಗಿದ ಸ್ನಾಯುವೇ.

ನಿಮ್ಮ ದಾರಿ ಚಿಕ್ಕದಲ್ಲ. ಯೋನಿಯ ಗೋಡೆ ಮಡಿಕೆಮಡಿಕೆಯಾಗಿದ್ದು ಹಿಗ್ಗಬಲ್ಲದು. ಮಗು ಹೊರಬರುವುದೂ ಅಲ್ಲಿಂದಲೇ. ಮುಟ್ಟಿನ ರಕ್ತ ತಡೆಯಿಲ್ಲದೆ ಹೊರಬರುತ್ತಿರುವುದರಿಂದ ಯೋನಿಯ ಬಾಯಿ ಪೂರ್ತಿ ಮುಚ್ಚಿಕೊಂಡಿಲ್ಲ ಎಂಬುದೂ ಸ್ಪಷ್ಟ. ಹುಟ್ಟಿನಿಂದಲೇ ಯೋನಿಯೊಳಗೆ ಉದ್ದುದ್ದ ಅಥವಾ ಅಡ್ಡಡ್ಡ ಪರದೆ ಇರುವುದು, ಪೊರೆಯ ನಡುವೆ ಪಟ್ಟಿಯೊಂದು ಉಳಿದಿರುವುದು ಮುಂತಾದ ಅಪರೂಪದ ಸ್ಥಿತಿಗಳಿವೆ; ಅವುಗಳಿಗೆ ಶಸ್ತ್ರಚಿಕಿತ್ಸೆ ಬೇಕು. ಇವು ಇಲ್ಲದಿರುವಾಗ ಪೊರೆಯನ್ನು ಕೊಯ್ದರೆ ಸ್ನಾಯು ಮೊದಲಿನಂತೆಯೇ ಬಿಗಿಯುತ್ತದೆ, ಜೊತೆಗೆ ಗಾಯದ ನೋವಿನ ನೆನಪೊಂದು ಸೇರಿಕೊಳ್ಳುತ್ತದೆ. ಈ ತೊಂದರೆಯನ್ನು 1861ರಲ್ಲಿ ಈ ಹೆಸರಿನಿಂದ ವರ್ಣಿಸಿದ ಅಮೆರಿಕದ ಶಸ್ತ್ರವೈದ್ಯ ಜೆ. ಮೇರಿಯನ್ ಸಿಮ್ಸ್ ಕೂಡ ಪೊರೆಯನ್ನು ಕತ್ತರಿಸುವ ಚಿಕಿತ್ಸೆಯನ್ನೇ ಹೇಳಿದ್ದರು. ಇಷ್ಟು ಕಾಲದ ನಂತರವೂ ಅದೇ ಸಲಹೆ ಕೆಲವು ಚಿಕಿತ್ಸಾಲಯಗಳಲ್ಲಿ ಉಳಿದುಕೊಂಡಿರುವುದು ನನಗೆ ಬೇಸರದ ಸಂಗತಿ.

ಹಾಗಾದರೆ ಇದು ಏಕೆ ಬರುತ್ತದೆ? ಕೆಲವರಿಗೆ ಮದುವೆಗೆ ಮುನ್ನ ಗೆಳತಿಯರಿಂದಲೋ ನೆಂಟರಿಂದಲೋ ಕೇಳಿದ ರಕ್ತ ಮತ್ತು ನೋವಿನ ಕಥೆಗಳು ಮನಸ್ಸಿನಲ್ಲಿ ಕೂತಿರುತ್ತವೆ. ಕೆಲವರಿಗೆ ಬಾಲ್ಯದಲ್ಲಿ ಆದ ಲೈಂಗಿಕ ದೌರ್ಜನ್ಯ ಕಾರಣವಾಗಿರುತ್ತದೆ, ಆದರೆ ವೆಜೈನಿಸ್ಮಸ್ ಇರುವವರೆಲ್ಲರಿಗೂ ಅಂಥದ್ದೇನೋ ಆಗಿರಲೇಬೇಕು ಎಂದು ಊಹಿಸುವುದು ತಪ್ಪು. ಇನ್ನು ಕೆಲವರಿಗೆ ಮೊದಲು ಇದ್ದದ್ದು ದೇಹದ ನೋವೇ: ಶಿಲೀಂಧ್ರದ ಸೋಂಕು, ಯೋನಿಯ ಬಾಯಿಯ ಚರ್ಮ ಮುಟ್ಟಿದರೆ ಉರಿಯುವ ಕಾಯಿಲೆ, ಬಿಳಿಚಿಕೊಂಡು ತುರಿಸುವ ಚರ್ಮರೋಗ, ಗರ್ಭಕೋಶದ ಒಳಪದರದಂಥ ಅಂಗಾಂಶ ಅದರ ಹೊರಗೆ ಬೆಳೆಯುವ ಎಂಡೋಮೆಟ್ರಿಯೋಸಿಸ್. ನೋವಿನಿಂದ ಭಯ, ಭಯದಿಂದ ಬಿಗಿತ, ಬಿಗಿತದಿಂದ ಮತ್ತಷ್ಟು ನೋವು ಎಂದು ಅದು ಸುತ್ತುತ್ತದೆ. ಯಾವ ಕಾರಣವೂ ಸಿಗದವರೂ ಬೇಕಾದಷ್ಟು ಮಂದಿ ಇದ್ದಾರೆ. ಕಾರಣ ಸಿಗದಿದ್ದರೂ ಚಿಕಿತ್ಸೆ ಫಲ ಕೊಡುತ್ತದೆ. ನೋವು ಮತ್ತು ಬಿಗಿತವನ್ನು ಬಿಡಿಸಿ ನೋಡುವುದು ಕಷ್ಟವೆಂದೇ ಅಮೆರಿಕದ ಮನೋವೈದ್ಯರ ಸಂಘ 2013ರ ತನ್ನ ಕೈಪಿಡಿಯಲ್ಲಿ ಎರಡನ್ನೂ ಒಂದೇ ತೊಂದರೆಯಾಗಿ ಸೇರಿಸಿತು.

ಚಿಕಿತ್ಸೆಯ ಮೊದಲ ಹೆಜ್ಜೆ ಕೇಳಲು ವಿಚಿತ್ರವೆನಿಸಬಹುದು: ಸಂಭೋಗದ ಪ್ರಯತ್ನವನ್ನು ಸದ್ಯಕ್ಕೆ ಪೂರ್ತಿಯಾಗಿ ನಿಲ್ಲಿಸಬೇಕು. ಮುಟ್ಟುವುದು, ಅಪ್ಪಿಕೊಳ್ಳುವುದು, ಜೊತೆಗೆ ಮಲಗುವುದು ಇರಲಿ, ಆದರೆ ಒಳಗೆ ಸೇರಿಸುವ ಪ್ರಯತ್ನ ಇಂದು ಇಲ್ಲ ಎಂಬುದು ಇಬ್ಬರಿಗೂ ಖಚಿತವಾಗಿರಬೇಕು. ವಿಫಲವಾದ ಪ್ರತಿಯೊಂದು ಪ್ರಯತ್ನವೂ ಆ ಸ್ನಾಯುವಿಗೆ ಬಿಗಿಯುವ ಪಾಠವನ್ನೇ ಮತ್ತೊಮ್ಮೆ ಕಲಿಸುತ್ತದೆ. ಈ ಒಂದು ಮಾತನ್ನು ಪಾಲಿಸದೆ ಉಳಿದುದನ್ನೆಲ್ಲ ಮಾಡಿದವರು ನಿಂತಲ್ಲೇ ನಿಂತಿರುವುದನ್ನು ನಾನು ಕಂಡಿದ್ದೇನೆ.

ಅನಂತರ ಆ ಸ್ನಾಯುವಿನ ಪರಿಚಯವಾಗಬೇಕು. ಮೊಣಕಾಲು ಮಡಚಿ ಮಲಗಿ, ಹೊಟ್ಟೆ ಉಬ್ಬುವಂತೆ ನಿಧಾನವಾಗಿ ಉಸಿರೆಳೆದುಕೊಂಡು ಬಿಡಿ. ಮೂತ್ರ ತಡೆಯುವಂತೆ ಸ್ನಾಯುವನ್ನು ಕೆಲವು ಕ್ಷಣ ಬಿಗಿದು, ಅದರ ಎರಡರಷ್ಟು ಹೊತ್ತು ಸಡಿಲ ಬಿಡಿ. ಬಿಗಿಯುವುದಕ್ಕಿಂತ ಸಡಿಲ ಬಿಡುವುದನ್ನು ಗಮನಿಸುವುದು ಇಲ್ಲಿ ಮುಖ್ಯ. ಹೆರಿಗೆಯಾದವರಿಗೆ ಹೇಳಿಕೊಡುವ ಕೆಗೆಲ್ ವ್ಯಾಯಾಮವನ್ನು ಬರೀ ಬಲಪಡಿಸಲೆಂದು ಮಾಡಿದರೆ, ಮೊದಲೇ ಬಿಗಿದಿರುವ ಸ್ನಾಯು ಇನ್ನಷ್ಟು ಬಿಗಿಯಾಗಬಹುದು. ಆಮೇಲೆ ಕನ್ನಡಿ ಹಿಡಿದು ನಿಮ್ಮ ಅಂಗವನ್ನು ನೀವೇ ನೋಡಿಕೊಳ್ಳಿ. ಮಗುವಿನ ತಾಯಂದಿರಾದರೂ ತಮ್ಮ ದೇಹದ ಈ ಭಾಗವನ್ನು ಒಮ್ಮೆಯೂ ಕಾಣದವರು ನಮ್ಮಲ್ಲಿ ಇದ್ದಾರೆ. ನೋಡುವುದು ಅಭ್ಯಾಸವಾದ ಮೇಲೆ ಹೊರಗಿನಿಂದ ಮುಟ್ಟಿಕೊಳ್ಳುವುದು, ನಂತರ ಉಗುರು ಕತ್ತರಿಸಿದ ಕಿರುಬೆರಳಿಗೆ ಔಷಧಿ ಅಂಗಡಿಯಲ್ಲಿ ಸಿಗುವ ನೀರಿನಂಶದ ಜಾರುಜೆಲ್ ಹಚ್ಚಿ, ಮಲವಿಸರ್ಜನೆಗೆ ಮಾಡುವಂತೆ ಸ್ವಲ್ಪ ತಿಣುಕುತ್ತ, ತುದಿಯನ್ನಷ್ಟೇ ಒಳಗಿಡುವುದು. ಹಾಗೆ ತಿಣುಕಿದಾಗ ಆ ಸ್ನಾಯು ತಾನಾಗಿ ಸಡಿಲುತ್ತದೆ. ಬೆರಳನ್ನು ಅಲ್ಲಾಡಿಸದೆ, ಬಿಗಿತ ಇಳಿಯುವವರೆಗೆ ಹಾಗೆಯೇ ಇಟ್ಟುಕೊಳ್ಳಬೇಕು.

ಇದೇ ಕ್ರಮವನ್ನು ಮುಂದುವರಿಸುವ ಸಾಧನ ಡೈಲೇಟರ್. ಕಿರುಬೆರಳಿಗಿಂತ ಸಣ್ಣದರಿಂದ ಹಿಡಿದು ಹಂತಹಂತವಾಗಿ ದಪ್ಪವಾಗುವ, ನುಣುಪಾದ ಸಿಲಿಕೋನ್ ಅಥವಾ ಪ್ಲಾಸ್ಟಿಕ್ ಕೊಳವೆಗಳ ಗುಂಪು ಅದು. ಆನ್‌ಲೈನ್‌ನಲ್ಲಿ ತರಿಸಿಕೊಳ್ಳಬಹುದು, ಗುರುತಿಲ್ಲದ ಪೊಟ್ಟಣದಲ್ಲಿ ಕಳುಹಿಸುವವರೂ ಇದ್ದಾರೆ. ವಾರಕ್ಕೆ ನಾಲ್ಕೈದು ಸಲ, ಒಂದು ಸಲಕ್ಕೆ ಹತ್ತು ಹದಿನೈದು ನಿಮಿಷ ಸಾಕು. ಒಂದು ಅಳತೆ ನೋವಿಲ್ಲದೆ, ಗಾಬರಿಯಿಲ್ಲದೆ ಕೂಡಿಬಂದ ಮೇಲಷ್ಟೇ ಮುಂದಿನದಕ್ಕೆ ಹೋಗಬೇಕು. ಕೊಂಚ ಎಳೆತ, ಕೊಂಚ ಅಂಜಿಕೆ ಸಹಜ. ಚುಚ್ಚುವ ನೋವಾದರೆ ಹಿಂದಿನ ಅಳತೆಗೆ ಮರಳಿ. ಕೊಳ್ಳಲಾಗದಿದ್ದರೆ ನಿಮ್ಮ ಬೆರಳುಗಳೇ ಸಾಕು, ಮೊದಲು ಒಂದು, ಆಮೇಲೆ ಎರಡು. ಮೇಣದಬತ್ತಿ, ತರಕಾರಿ ಮುಂತಾದವನ್ನು ಮಾತ್ರ ಬಳಸಬೇಡಿ. ಮುರಿದು ಒಳಗೆ ಉಳಿಯುವ, ಸೋಂಕು ತರುವ ಅಪಾಯವಿದೆ. ತುಂಬಿದ ಮನೆಯಲ್ಲಿ ಏಕಾಂತ ಎಲ್ಲಿದೆ ಎಂದು ನೀವು ಕೇಳಬಹುದು. ಬಚ್ಚಲುಮನೆಯಲ್ಲಿ ಸ್ನಾನದ ನಂತರ, ಅಥವಾ ಮನೆಯವರು ಹೊಲಕ್ಕೆ ಹೋದ ಮಧ್ಯಾಹ್ನ ಸಮಯ ಮಾಡಿಕೊಂಡವರಿದ್ದಾರೆ. ಬೇಸರದ ಅಭ್ಯಾಸ ಇದು, ಒಪ್ಪುತ್ತೇನೆ. ಆದರೆ ಇಲ್ಲಿ ಎಲ್ಲವೂ ನಿಮ್ಮ ಕೈಯಲ್ಲಿದೆ, ನಿಲ್ಲಿಸುವುದೂ ನಿಮ್ಮ ಇಷ್ಟ, ಮತ್ತು ಆ ಹಿಡಿತವೇ ಮೆದುಳಿನ ಭಯವನ್ನು ಇಳಿಸುತ್ತದೆ.

ಇದು ಹಗುರವಾದ ಮೇಲೆ ಗಂಡನ ಬೆರಳು, ನಿಮ್ಮ ಕೈಯ ಮಾರ್ಗದರ್ಶನದಲ್ಲಿ. ಆಮೇಲೆ ನೀವು ಮೇಲಿದ್ದು, ಎಷ್ಟು ಮತ್ತು ಯಾವಾಗ ಎಂಬುದನ್ನು ನೀವೇ ನಿರ್ಧರಿಸುವ ಭಂಗಿಯಲ್ಲಿ, ಮೊದಮೊದಲು ಚಲನೆಯಿಲ್ಲದೆ ಸೇರಿಕೊಳ್ಳುವುದು. ಸಾಮಾನ್ಯವಾಗಿ ಇದಕ್ಕೆಲ್ಲ ಕೆಲವು ವಾರಗಳಿಂದ ಕೆಲವು ತಿಂಗಳು ಹಿಡಿಯುತ್ತದೆ. ನೆದರ್ಲೆಂಡ್ಸ್‌ನ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಅಲ್ಲಿಯವರೆಗೆ ಕೂಡಲಾಗದಿದ್ದ 70 ಮಹಿಳೆಯರಲ್ಲಿ ಅರ್ಧದಷ್ಟು ಜನಕ್ಕೆ ಚಿಕಿತ್ಸಕಿಯ ಜೊತೆಯಲ್ಲಿ ಇಂಥದೇ ಹಂತಹಂತದ ಅಭ್ಯಾಸ ಮಾಡಿಸಿ, ಉಳಿದ ಅರ್ಧ ಜನರನ್ನು ಕಾಯುವ ಪಟ್ಟಿಯಲ್ಲಿ ಇಟ್ಟಿದ್ದರು. ಅಭ್ಯಾಸ ಮಾಡಿದ 35 ಮಂದಿಯಲ್ಲಿ 31 ಮಂದಿ ಸಂಭೋಗ ಸಾಧ್ಯವಾಯಿತೆಂದು ಹೇಳಿದರೆ, ಕಾಯುತ್ತಿದ್ದ 35 ಮಂದಿಯಲ್ಲಿ ಹಾಗೆ ಹೇಳಿದವರು ನಾಲ್ಕೇ ಮಂದಿ. ಕಾಲ ಕಳೆದರೆ ತಾನೇ ಸರಿಹೋಗುತ್ತದೆ ಎನ್ನುವವರಿಗೆ ಈ ಎರಡನೆಯ ಅಂಕಿಯನ್ನು ತೋರಿಸಿ.

ಮನೆಯ ಅಭ್ಯಾಸ ಎರಡು ತಿಂಗಳಲ್ಲಿ ಮುಂದೆ ಸಾಗದಿದ್ದರೆ ಫಿಜಿಯೋಥೆರಪಿಸ್ಟ್ ಮತ್ತು ಮನೋವೈದ್ಯರು ಅಥವಾ ಆಪ್ತಸಮಾಲೋಚಕರ ನೆರವು ಬೇಕು. ಬೊಟಾಕ್ಸ್ ಚುಚ್ಚುಮದ್ದು ಬಿಗಿದ ಸ್ನಾಯುವನ್ನು ಮೂರು ನಾಲ್ಕು ತಿಂಗಳು ಸಡಿಲವಾಗಿಡುತ್ತದೆ, ಆದರೆ ಆ ಅವಧಿಯಲ್ಲಿ ಡೈಲೇಟರ್ ಅಭ್ಯಾಸ ಮಾಡಲೇಬೇಕು. ಉಳಿದುದೆಲ್ಲ ಸೋತ ಮೇಲೆ ಯೋಚಿಸಬೇಕಾದ, ದುಬಾರಿ ದಾರಿ ಅದು. ನಿಮಗೆ ಹತ್ತಿರದ ಗದಗಿನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಸ್ತ್ರೀರೋಗ ವಿಭಾಗದಲ್ಲಿ ಮೊದಲ ತಪಾಸಣೆ ಸಾಧ್ಯ. ಹಾವೇರಿಯವರಿಗೆ ಅಲ್ಲಿಯದೇ ವೈದ್ಯಕೀಯ ಕಾಲೇಜಿದೆ, ಹುಬ್ಬಳ್ಳಿಯಲ್ಲಿ ಜನ ಇನ್ನೂ ಕಿಮ್ಸ್ ಎಂದೇ ಕರೆಯುವ ವಿದ್ಯಾನಗರದ ಸರ್ಕಾರಿ ಆಸ್ಪತ್ರೆಯಿದೆ. ಹುಬ್ಬಳ್ಳಿ ಮತ್ತು ಧಾರವಾಡದ ನಡುವೆ ಸತ್ತೂರಿನ ಎಸ್‌ಡಿಎಂ ಆವರಣದಲ್ಲಿ ಫಿಜಿಯೋಥೆರಪಿ ಕಾಲೇಜೂ ಇದೆ. ಮನಸ್ಸಿನ ಕಡೆಯ ನೆರವಿಗೆ ಧಾರವಾಡದ ಡಿಮ್ಹಾನ್ಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಇದೆ. ಧಾರವಾಡದ ಆ ದವಾಖಾನೆಯ ಹೆಸರೆತ್ತಿದರೆ ನಮ್ಮಲ್ಲಿ ಜನ ನಗುವುದುಂಟು, ಅದಕ್ಕೆ ಅಂಜಿ ಅಲ್ಲಿಗೆ ಕಾಲಿಡದವರೂ ಉಂಟು. ಭಯಕ್ಕೆ ಚಿಕಿತ್ಸೆ ಪಡೆಯುವುದಕ್ಕೂ ಹುಚ್ಚಿಗೂ ಸಂಬಂಧವಿಲ್ಲ.

ಪ್ರಶ್ನೆ: ನನಗೆ 31, ಹುಬ್ಬಳ್ಳಿಯಲ್ಲಿ ಅಂಗಡಿ ನಡೆಸುತ್ತೇನೆ. ಮದುವೆಯಾಗಿ ಒಂದೂವರೆ ವರ್ಷ. ಹೆಂಡತಿಗೆ ನೀವು ಹೇಳಿದಂಥದೇ ತೊಂದರೆ. ಈಚೆಗೆ ಆ ಹೊತ್ತಿಗೆ ನನಗೇ ಗಡಸುತನ ಉಳಿಯುವುದಿಲ್ಲ. ಗೆಳೆಯರು ನನಗೊಂದು ಮಾತ್ರೆ ತೆಗೆದುಕೊಳ್ಳಲು, ಅವಳಿಗೆ ಸ್ವಲ್ಪ ವೈನ್ ಅಥವಾ ನಿದ್ದೆಯ ಮಾತ್ರೆ ಕೊಡಲು ಹೇಳುತ್ತಾರೆ. ಹಿರಿಯರು ಸಂಬಂಧವನ್ನೇ ಕಡಿದುಕೋ ಎನ್ನುತ್ತಿದ್ದಾರೆ. ಅವಳಿಗೆ ನಾನು ಇಷ್ಟವಿಲ್ಲವೇ?

ಉತ್ತರ: ಇಷ್ಟಕ್ಕೂ ಈ ಬಿಗಿತಕ್ಕೂ ಸಂಬಂಧವಿಲ್ಲ. ಗಂಡನನ್ನು ತುಂಬ ಪ್ರೀತಿಸುವ, ಅವನ ಸ್ಪರ್ಶದಿಂದ ಸುಖ ಪಡುವ, ಮನಸಾರೆ ಕೂಡಬೇಕೆಂದು ಬಯಸುವ ಹೆಂಗಸರಲ್ಲೂ ಇದು ಇರುತ್ತದೆ. ನಿಮ್ಮ ಗಡಸುತನದ ಸಮಸ್ಯೆಯೂ ಇಂಥ ದಂಪತಿಗಳಲ್ಲಿ ಸಾಮಾನ್ಯ. ಎದುರಿಗಿರುವವರು ನೋವಿನಿಂದ ಮುಖ ಹಿಂಡುತ್ತಿರುವಾಗ ದೇಹ ಹಿಂದೆ ಸರಿಯುವುದು ಸಹಜ. ಮುಂಜಾನೆ ಎಚ್ಚರವಾದಾಗ ಗಡಸುತನ ಇರುತ್ತದೆ ಎಂದಾದರೆ ಹೆಚ್ಚಿನಂಶ ಇದು ಒತ್ತಡದ್ದು. ಇಲ್ಲವಾದರೆ ಸಕ್ಕರೆ ಕಾಯಿಲೆ, ರಕ್ತದೊತ್ತಡ ಇವುಗಳ ತಪಾಸಣೆ ಮಾಡಿಸಿ. ಗೆಳೆಯರು ಹೇಳುವ ಸಿಲ್ಡೆನಾಫಿಲ್‌ನಂಥ ಮಾತ್ರೆಯನ್ನು ವೈದ್ಯರ ಚೀಟಿಯಿಲ್ಲದೆ ನುಂಗಬೇಡಿ. ಎದೆನೋವಿಗೆ ನೈಟ್ರೇಟ್ ಮಾತ್ರೆ ತೆಗೆದುಕೊಳ್ಳುವವರಿಗೆ ಅದು ಪ್ರಾಣಾಪಾಯ ತರಬಲ್ಲದು.

ಹೆಂಡತಿಗೆ ಮದ್ಯವನ್ನೋ ನಿದ್ದೆಯ ಮಾತ್ರೆಯನ್ನೋ ಕೊಟ್ಟು ಕೂಡುವ ಸಲಹೆಯನ್ನು ನಾನು ಸೌಮ್ಯವಾಗಿ ತಳ್ಳಿಹಾಕಲಾರೆ. ಪ್ರಜ್ಞೆ ಮಸುಕಾದ ಹೆಣ್ಣಿನ ಒಪ್ಪಿಗೆ ಒಪ್ಪಿಗೆಯಲ್ಲ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಲೈಂಗಿಕ ದೌರ್ಜನ್ಯವನ್ನೂ ಒಳಗೊಂಡಿದೆ, ಅದು ಗಂಡನಿಗೂ ಅನ್ವಯಿಸುತ್ತದೆ. ಕಾನೂನು ಬದಿಗಿರಲಿ, ಒಮ್ಮೆ ಹಾಗೆ ಮಾಡಿದರೆ ಅವರ ದೇಹ ನಿಮ್ಮನ್ನು ನಂಬುವುದು ಇನ್ನಷ್ಟು ದೂರವಾಗುತ್ತದೆ. ಮರಗಟ್ಟಿಸುವ ಲಿಗ್ನೊಕೇನ್ ಮುಲಾಮನ್ನು ವೈದ್ಯರು ಕೆಲವರಿಗೆ ಬರೆದುಕೊಡುವುದುಂಟು, ಅದು ಯೋನಿಯ ಬಾಯಿಯ ಚರ್ಮದ ಉರಿಗೆ. ನೀವಾಗಿ ಹಚ್ಚಿ ಒತ್ತಾಯದಿಂದ ಮುಂದುವರಿಯಲು ಅಲ್ಲ. ಕೊಬ್ಬರಿ ಎಣ್ಣೆ ಬಳಸುವ ದಂಪತಿಗಳು ಅದು ಲ್ಯಾಟೆಕ್ಸ್ ಕಾಂಡೋಮ್ ಅನ್ನು ದುರ್ಬಲಗೊಳಿಸುತ್ತದೆ ಎಂಬುದನ್ನು ತಿಳಿದಿರಲಿ.

ಹಿರಿಯರ ಮಾತಿಗೆ ಬಂದರೆ, 1955ರ ಹಿಂದೂ ವಿವಾಹ ಕಾಯ್ದೆಯ 12ನೇ ಕಲಮು ನಪುಂಸಕತೆಯ ಕಾರಣದಿಂದ ಕೂಡದೆ ಉಳಿದ ಮದುವೆಯನ್ನು ರದ್ದುಪಡಿಸಲು ಅವಕಾಶ ಕೊಡುತ್ತದೆ; ಅದನ್ನೇ ಯಾರೋ ನಿಮ್ಮ ಮನೆಯಲ್ಲಿ ಹೇಳಿರಬೇಕು. ಅದರ ಅರ್ಥವ್ಯಾಪ್ತಿಯನ್ನು ವಕೀಲರು ವಿವರಿಸಲಿ. ನಾನು ಹೇಳಬಲ್ಲದ್ದು ಇಷ್ಟು: ಇದು ಚಿಕಿತ್ಸೆಗೆ ಬಗ್ಗುವ ತೊಂದರೆ, ನೀವಿಬ್ಬರೂ ಇನ್ನೂ ಒಬ್ಬ ವೈದ್ಯರನ್ನೂ ಕಂಡಂತಿಲ್ಲ, ಮತ್ತು ಈ ವಿಷಯ ಪಡಸಾಲೆಯ ಪಂಚಾಯಿತಿಗೆ ಹೋಗಬಾರದಿತ್ತು. ಚಿಕಿತ್ಸೆ ಮುಗಿಯುವವರೆಗೆ ಮನೆಯವರಿಗೆ ಏನು ಹೇಳಬೇಕು ಎಂಬುದನ್ನು ಇಬ್ಬರೂ ಸೇರಿ ನಿರ್ಧರಿಸಿ, ಮತ್ತು ಹೇಳುವವರು ನೀವಾಗಿರಿ, ನಿಮ್ಮ ಹೆಂಡತಿಯಲ್ಲ.

ಪ್ರಶ್ನೆ: ಬ್ಯಾಡಗಿ ತಾಲ್ಲೂಕಿನವಳು, 24 ವರ್ಷ. ಹೆರಿಗೆಯಾಗಿ ಐದು ತಿಂಗಳು, ಹೊಲಿಗೆ ಹಾಕಿದ್ದರು. ಮೊದಲು ಯಾವ ತೊಂದರೆಯೂ ಇರಲಿಲ್ಲ. ತವರಿನಲ್ಲಿ ಬಾಣಂತನ ಮುಗಿಸಿ ಬಂದ ಮೇಲೆ ಕೂಡಲು ಹೋದರೆ ಸುಟ್ಟಂತಾಗುತ್ತದೆ, ಈಗ ಗಂಡ ಹತ್ತಿರ ಬಂದರೇ ಮೈ ಬಿಗಿಯುತ್ತದೆ. ಇದೂ ಅದೇ ಕಾಯಿಲೆಯೇ?

ಉತ್ತರ: ಮೊದಲು ಸರಿಯಿದ್ದು ಆಮೇಲೆ ಬರುವ ಬಿಗಿತವೂ ಉಂಟು, ಮತ್ತು ಅದರ ಹಿಂದೆ ದೇಹದ ಕಾರಣ ಇರುವ ಸಾಧ್ಯತೆ ಹೆಚ್ಚು. ನಿಮ್ಮ ವಿಷಯದಲ್ಲಿ ಎರಡು ಕಾರಣಗಳು ಎದ್ದು ಕಾಣುತ್ತವೆ. ಹಾಲುಣಿಸುವ ತಿಂಗಳುಗಳಲ್ಲಿ ಈಸ್ಟ್ರೋಜನ್ ಹಾರ್ಮೋನು ಇಳಿದಿರುತ್ತದೆ, ಇದರಿಂದ ಯೋನಿಯ ಒಳಪದರ ತೆಳುವಾಗಿ ಒಣಗಿರುತ್ತದೆ. ಇನ್ನೊಂದು ಹೊಲಿಗೆಯ ಕಲೆ. ಅದು ಗಟ್ಟಿಯಾಗಿ ಎಳೆಯುತ್ತಿರಬಹುದು, ಅಥವಾ ಅಲ್ಲೊಂದು ಸಣ್ಣ ಗಾಯ ಮಾಯದೆ ಉಳಿದಿರಬಹುದು. ಇವನ್ನು ಕಣ್ಣಾರೆ ನೋಡದೆ ವ್ಯಾಯಾಮ ಹೇಳಲಾಗದು. ಆದ್ದರಿಂದ ಈ ವಾರವೇ ವೈದ್ಯರಿಗೆ ತೋರಿಸಿ. ಕಲೆಗೆ ಮಾಡುವ ಮಾಲೀಸು, ಜಾರುಜೆಲ್, ಬೇಕೆನಿಸಿದರೆ ಕಡಿಮೆ ಪ್ರಮಾಣದ ಈಸ್ಟ್ರೋಜನ್ ಮುಲಾಮು ಇವುಗಳಲ್ಲಿ ಯಾವುದು ಎಂಬುದನ್ನು ಅವರು ಹೇಳುತ್ತಾರೆ. ಸಡಿಲ ಬಿಡುವ ಅಭ್ಯಾಸ ಅದರ ಜೊತೆಗೆ ಸಾಗಲಿ. ಹಾಲು ಬಿಡಿಸುವ ಅಗತ್ಯವಿಲ್ಲ. ಮುಟ್ಟು ಮರಳಿ ಬಂದಿಲ್ಲವೆಂದು ಗರ್ಭನಿರೋಧಕವನ್ನು ಮರೆಯಬೇಡಿ.

ಬಾಣಂತಿಯಾಗಲಿ ಅಲ್ಲದಿರಲಿ, ಕೆಲವು ಲಕ್ಷಣಗಳಿದ್ದರೆ ಯಾರೂ ಮನೆಯ ಅಭ್ಯಾಸದಲ್ಲಿ ಕಾಲ ಕಳೆಯಬಾರದು. ಜ್ವರ, ದುರ್ವಾಸನೆಯ ಅಥವಾ ಬಣ್ಣ ಬದಲಾದ ಬಿಳಿಸೆರಗು, ಹುಣ್ಣು, ಮೂತ್ರ ಮಾಡುವಾಗ ಉರಿ, ಕೂಡಿದ ನಂತರ ಅಥವಾ ಮುಟ್ಟಿನ ನಡುವೆ ರಕ್ತ, ಯೋನಿಯ ಬಾಯಿಯಲ್ಲಿ ಅಲ್ಲದೆ ಕಿಬ್ಬೊಟ್ಟೆಯ ಆಳದಲ್ಲಿ ಆಗುವ ನೋವು, ಮುಟ್ಟಿನ ದಿನಗಳಲ್ಲಿ ಹಾಸಿಗೆ ಹಿಡಿಸುವ ನೋವು, ಇವು ಸೋಂಕು, ಗರ್ಭಕಂಠದ ಕಾಯಿಲೆ ಅಥವಾ ಎಂಡೋಮೆಟ್ರಿಯೋಸಿಸ್‌ನ ಸೂಚನೆಗಳಾಗಿರಬಹುದು.

ಪ್ರಶ್ನೆ: ಮದುವೆಯಾಗಿ ಐದು ವರ್ಷ, ನನಗೆ 30. ಕೂಡಲು ಆಗಿಲ್ಲ ಎಂಬುದನ್ನು ಹೇಳಲು ನಾಚಿ, ಮಕ್ಕಳಾಗಿಲ್ಲ ಎಂದಷ್ಟೇ ಹೇಳಿ ಚಿಕಿತ್ಸಾ ಕೇಂದ್ರಕ್ಕೆ ಹೋದೆವು. ಎಲ್ಲ ತಪಾಸಣೆಗಳೂ ಸರಿ ಬಂದಿವೆ, ಈಗ ಐಯುಐ, ಅಂದರೆ ವೀರ್ಯವನ್ನು ನಳಿಗೆಯಿಂದ ನೇರವಾಗಿ ಗರ್ಭಕೋಶದೊಳಗೆ ಹಾಕುವ ಚಿಕಿತ್ಸೆ ಮಾಡೋಣ ಎನ್ನುತ್ತಾರೆ. ಮಾಡಿಸಿಕೊಳ್ಳಬಹುದೇ? ಗರ್ಭಿಣಿಯಾದರೆ ಸಿಸೇರಿಯನ್ನೇ ಆಗಬೇಕೇ?

ಉತ್ತರ: ನಿಮ್ಮ ನಾಚಿಕೆ ನನಗೆ ಅರ್ಥವಾಗುತ್ತದೆ, ಆದರೆ ಅದರಿಂದಾಗಿ ನಿಮ್ಮಿಬ್ಬರ ರಕ್ತ, ವೀರ್ಯ, ಸ್ಕ್ಯಾನ್ ಎಲ್ಲಕ್ಕೂ ಹಣ ಖರ್ಚಾಗಿ, ಕೇಳಬೇಕಿದ್ದ ಒಂದು ಪ್ರಶ್ನೆ ಮಾತ್ರ ಉಳಿದುಹೋಯಿತು. ‘ಎಷ್ಟು ಸಲ ಕೂಡುತ್ತೀರಿ’ ಎಂದು ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳದೆ ಇಂಥ ಚಿಕಿತ್ಸೆ ಆರಂಭಿಸುವುದು ಸರಿಯಲ್ಲ ಎಂಬುದು ನನ್ನ ನಿಲುವು. ಐಯುಐ ಮಾಡುವಾಗ ಯೋನಿಯನ್ನು ತೆರೆದು ನೋಡುವ ಸ್ಪೆಕ್ಯುಲಂ ಎಂಬ ಉಪಕರಣ ಮತ್ತು ಗರ್ಭಕಂಠದೊಳಗೆ ಹೋಗುವ ತೆಳು ನಳಿಗೆ ಬಳಸುತ್ತಾರೆ. ಈಗಿನ ಸ್ಥಿತಿಯಲ್ಲಿ ಅದೇ ನಿಮಗೆ ಹಿಂಸೆಯಾಗಬಹುದು. ಆದ್ದರಿಂದ ಮೊದಲು ಕೇಂದ್ರದ ವೈದ್ಯರಿಗೆ ವಿಷಯ ತಿಳಿಸಿ.

ನಿಮ್ಮ ವಯಸ್ಸಿನಲ್ಲಿ, ತಪಾಸಣೆಗಳೆಲ್ಲ ಸರಿಯಿರುವಾಗ, ಕೆಲವು ತಿಂಗಳು ಬಿಗಿತದ ಚಿಕಿತ್ಸೆಗೆ ಕೊಟ್ಟರೆ ನಷ್ಟವಿಲ್ಲ. 35 ದಾಟಿದವರಿಗೆ ಎರಡನ್ನೂ ಜೊತೆಜೊತೆಗೆ ನಡೆಸಬೇಕೆಂದು ಹೇಳುತ್ತೇನೆ. ಮಗು ಬೇಗ ಬೇಕೆನ್ನುವ ದಂಪತಿಗಳಿಗೆ ಸೂಜಿಯಿಲ್ಲದ ಸಣ್ಣ ಸಿರಿಂಜಿನಿಂದ ವೀರ್ಯವನ್ನು ಯೋನಿಯೊಳಗೆ ಹಾಕಿಕೊಳ್ಳುವ ವಿಧಾನವನ್ನು ವೈದ್ಯರು ಹೇಳಿಕೊಡಬಲ್ಲರು. ಅಂಡ ಬಿಡುಗಡೆಯಾಗುವುದು ಮುಂದಿನ ಮುಟ್ಟಿಗೆ ಸುಮಾರು 14 ದಿನ ಮೊದಲು; ಅದು ಉಳಿಯುವುದು ಒಂದು ದಿನದಷ್ಟು, ವೀರ್ಯಾಣುಗಳು ಐದು ದಿನದವರೆಗೂ ಉಳಿಯಬಲ್ಲವು. ಒಳಗೆ ಸೇರದೆ, ಯೋನಿಯ ಬಾಯಿಯ ಹತ್ತಿರ ವೀರ್ಯ ಬಿದ್ದು ಗರ್ಭ ನಿಂತವರೂ ಇದ್ದಾರೆ. ಆಗ ಮನೆಯಲ್ಲಿ ಅನುಮಾನದ ಮಾತುಗಳು ಹುಟ್ಟುತ್ತವೆ, ಅದಕ್ಕಾಗಿಯೇ ಇದನ್ನು ಸ್ಪಷ್ಟವಾಗಿ ಬರೆಯುತ್ತಿದ್ದೇನೆ. ಆದರೆ ಗರ್ಭ ನಿಂತರೆ ಬಿಗಿತ ಹೋಯಿತು ಎಂದಲ್ಲ. ಹೆರಿಗೆಯಾದರೆ ತಾನೇ ಸರಿಯಾಗುತ್ತದೆ ಎಂಬ ನಂಬಿಕೆಗೂ ಆಧಾರವಿಲ್ಲ.

ಸಿಸೇರಿಯನ್ ಕಡ್ಡಾಯವಲ್ಲ. ಈ ತೊಂದರೆ ಇರುವವರಿಗೂ ಸಹಜ ಹೆರಿಗೆ ಆಗುತ್ತದೆ. ಹೆರಿಗೆ ಕೋಣೆಯಲ್ಲಿ ಮತ್ತೆ ಮತ್ತೆ ಮಾಡುವ ಒಳಪರೀಕ್ಷೆ ಮಾತ್ರ ಕಷ್ಟವಾಗಬಹುದು. ಅದನ್ನು ಮೊದಲೇ ತಿಳಿಸಿದರೆ ಪರೀಕ್ಷೆಗಳನ್ನು ಕಡಿಮೆ ಮಾಡಬಹುದು, ನೋವು ತಗ್ಗಿಸುವ ಎಪಿಡ್ಯೂರಲ್ ಅನ್ನು ಬೇಗ ಕೊಡಬಹುದು.

ಪ್ರಶ್ನೆ: ಧಾರವಾಡದಲ್ಲಿ ಓದುತ್ತಿರುವ ವಿದ್ಯಾರ್ಥಿನಿ, 22 ವರ್ಷ. ಗೆಳತಿಯರಂತೆ ಮುಟ್ಟಿನ ಕಪ್ ಬಳಸಲು ನೋಡಿದೆ, ಸ್ವಲ್ಪವೂ ಒಳಹೋಗಲಿಲ್ಲ. ಮದುವೆ ಗೊತ್ತಾಗಿದೆ. ನನಗೂ ಈ ತೊಂದರೆ ಇದೆಯೇ? ಕಪ್ ಬಳಸಿದರೆ ಪೊರೆ ಹರಿದು ಗಂಡನಿಗೆ ಗೊತ್ತಾಗುತ್ತದೆಯೇ?

ಉತ್ತರ: ಒಮ್ಮೆ ಕಪ್ ಒಳಹೋಗದಿದ್ದರೆ ಅದನ್ನು ಕಾಯಿಲೆ ಎನ್ನಲಾಗದು, ಮೊದಲ ಸಲ ಅನೇಕರಿಗೆ ಹೀಗೇ ಆಗುತ್ತದೆ. ಬೆರಳ ತುದಿಯನ್ನೂ ಇಡಲಾಗದಷ್ಟು ಬಿಗಿತವಿದ್ದರೆ, ಮೇಲೆ ಹೇಳಿದ ಉಸಿರಾಟ ಮತ್ತು ಸಡಿಲ ಬಿಡುವ ಅಭ್ಯಾಸವನ್ನು ಈಗಲೇ ಆರಂಭಿಸಿ, ಮದುವೆಯಾಗಲಿ ಎಂದು ಕಾಯಬೇಡಿ. ನಿಮಗೆ ಮುಟ್ಟು ಆಗುತ್ತಿದೆ ಎಂದುಕೊಂಡು ಹೇಳುತ್ತಿದ್ದೇನೆ. 15 ವರ್ಷ ತುಂಬಿದರೂ ಮುಟ್ಟಾಗದ, ಅಥವಾ ಮುಟ್ಟಿಲ್ಲದೆ ತಿಂಗಳಿಗೊಮ್ಮೆ ಕಿಬ್ಬೊಟ್ಟೆ ನೋಯುವ ಹುಡುಗಿಯರನ್ನು ತಡಮಾಡದೆ ವೈದ್ಯರಿಗೆ ತೋರಿಸಬೇಕು.

ಪೊರೆಯನ್ನು ನೋಡಿ ಯಾರ ಚರಿತ್ರೆಯನ್ನೂ ಹೇಳಲು ಬರುವುದಿಲ್ಲ. ಅದು ಹಿಗ್ಗಬಲ್ಲ ಅಂಚು; ಕೆಲವರಲ್ಲಿ ಹುಟ್ಟಿನಿಂದಲೇ ತೀರ ತೆಳು, ಮತ್ತು ಮೊದಲ ಕೂಟದಲ್ಲಿ ರಕ್ತ ಬಾರದವರು ಬಹಳ. ಅತ್ಯಾಚಾರ ಸಂತ್ರಸ್ತೆಯರ ಮೇಲೆ ನಡೆಸುತ್ತಿದ್ದ ‘ಎರಡು ಬೆರಳಿನ ಪರೀಕ್ಷೆ’ ಅವರ ಘನತೆಗೆ ಧಕ್ಕೆ ತರುತ್ತದೆಂದು ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿತು. ಅದನ್ನು ಮಾಡುವವರು ದುರ್ನಡತೆಯ ತಪ್ಪಿತಸ್ಥರೆಂದು 2022ರಲ್ಲಿ ಮತ್ತೆ ಎಚ್ಚರಿಸಿತು. ಕೋರ್ಟೇ ತಳ್ಳಿಹಾಕಿದ್ದನ್ನು ಮದುಮಗ ಹುಡುಕುವುದು ಬೇಡ.

ಪ್ರಶ್ನೆ: ನವಲಗುಂದ ತಾಲ್ಲೂಕು, 52 ವರ್ಷ. ಮುಟ್ಟು ನಿಂತು ಮೂರು ವರ್ಷ. ಈಗ ಕೂಡಿದರೆ ಕೊಯ್ದಂತಾಗುತ್ತದೆ. ಈ ವಯಸ್ಸಿನಲ್ಲಿ ಇದನ್ನು ಕೇಳುವುದು ತಪ್ಪೇ?

ಉತ್ತರ: ಖಂಡಿತ ತಪ್ಪಲ್ಲ. ಈಸ್ಟ್ರೋಜನ್ ಇಳಿದು ಒಳಪದರ ಒಣಗಿರುವುದು ಮುಖ್ಯ ಕಾರಣ, ನೋವಿನ ಅಂಜಿಕೆಯಿಂದ ಬಿಗಿತ ಅದರ ಮೇಲೆ ಕೂತಿರುತ್ತದೆ. ಜಾರುಜೆಲ್ ಮತ್ತು ಯೋನಿಗೆ ಹಚ್ಚುವ ಈಸ್ಟ್ರೋಜನ್ ಮುಲಾಮಿನಿಂದ ಹೆಚ್ಚಿನವರಿಗೆ ಚೆನ್ನಾಗಿ ಅನುಕೂಲವಾಗುತ್ತದೆ. ಸ್ತನ ಕ್ಯಾನ್ಸರ್ ಆಗಿದ್ದವರು ವೈದ್ಯರಿಗೆ ಅದನ್ನು ಮೊದಲೇ ತಿಳಿಸಬೇಕು. ಮುಟ್ಟು ನಿಂತ ಮೇಲೆ ಒಂದು ಹನಿ ರಕ್ತ ಕಂಡರೂ ಮರುದಿನವೇ ತೋರಿಸಿ.

ಪ್ರಶ್ನೆ: ಪರೀಕ್ಷೆಯ ಮೇಜಿನ ಹೆಸರು ಕೇಳಿದರೇ ನಡುಗುತ್ತೇನೆ. ವೈದ್ಯರಿಗೆ ಏನೆಂದು ಹೇಳಲಿ? ಇನ್ನೂ ಸ್ವಲ್ಪ ಕಾಲ ಕಾದು ನೋಡಬಹುದೇ?

ಉತ್ತರ: ರೋಗದ ಹೆಸರು ಹಾಕಲು ಸುಮಾರು ಆರು ತಿಂಗಳು ತೊಂದರೆ ಇರಬೇಕೆಂದು ವೈದ್ಯಕೀಯ ಕೈಪಿಡಿ ಹೇಳುತ್ತದೆ, ಆದರೆ ನೆರವು ಕೇಳಲು ಅಷ್ಟು ಕಾಯಬೇಕೆಂದು ಎಲ್ಲೂ ಇಲ್ಲ. ಹಲವು ಸಲ ಪ್ರಯತ್ನಿಸಿಯೂ ನೋವಿನಿಂದ ಆಗದಿದ್ದರೆ, ಅಥವಾ ರಾತ್ರಿಯಾಗುವುದೆಂದರೇ ಅಂಜಿಕೆ ಎಂಬ ಸ್ಥಿತಿ ಬಂದಿದ್ದರೆ, ಹೊರಡುವ ಹೊತ್ತು ಬಂದಿದೆ. ಇದರಿಂದ ಬದುಕೇ ಬೇಡವೆನಿಸುತ್ತಿದ್ದರೆ ಯಾವ ಹೊತ್ತಿನಲ್ಲಾದರೂ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸೇವೆ, ಉಚಿತ, ಕನ್ನಡದಲ್ಲಿ ಮಾತಾಡಬಹುದು. ಗಂಡ ಹೊಡೆದು ಬಡಿದು ಒತ್ತಾಯಿಸುತ್ತಿದ್ದರೆ 181 ಮಹಿಳಾ ಸಹಾಯವಾಣಿ ಅಥವಾ 112.

ಬಾಯಿ ಬಾರದಿದ್ದರೆ ಚೀಟಿಯಲ್ಲಿ ಬರೆದುಕೊಂಡು ಹೋಗಿ: ‘ಮದುವೆಯಾಗಿ ಇಷ್ಟು ಕಾಲವಾಯಿತು, ಒಳಗೆ ಹೋಗುವುದಿಲ್ಲ, ತಾನಾಗಿ ಬಿಗಿಯುತ್ತದೆ, ನನಗೆ ಪರೀಕ್ಷೆಯ ಭಯವಿದೆ.’ ಇಷ್ಟು ಸಾಕು. ಮೊದಲ ಭೇಟಿಯಲ್ಲಿ ಮಾತಷ್ಟೇ ಇರಲಿ ಎಂದು ಕೇಳುವ ಹಕ್ಕು ನಿಮಗಿದೆ. ಆಮೇಲೂ ಹೊರಗಿನಿಂದ ನೋಡುವುದು, ಹತ್ತಿಕಡ್ಡಿಯಿಂದ ಮುಟ್ಟಿ ಎಲ್ಲಿ ಉರಿಯುತ್ತದೆ ಎಂದು ತಿಳಿಯುವುದು, ನೀವು ಒಪ್ಪಿದರೆ ಒಂದು ಬೆರಳು, ಇಷ್ಟರಿಂದಲೇ ಸಾಮಾನ್ಯವಾಗಿ ವಿಷಯ ಗೊತ್ತಾಗುತ್ತದೆ. ಸ್ಕ್ಯಾನ್ ಬೇಕೆನಿಸಿದರೆ ಹೊಟ್ಟೆಯ ಮೇಲಿನಿಂದ ಮಾಡಬಹುದು. ‘ನಿಲ್ಲಿಸಿ’ ಎಂದರೆ ನಿಲ್ಲಿಸಬೇಕು, ಇದನ್ನು ಮೊದಲೇ ಮಾತಾಡಿಕೊಳ್ಳಿ. ವೈದ್ಯರು ಗಂಡಸಾಗಿದ್ದರೆ ಪರೀಕ್ಷೆಯ ವೇಳೆ ಹೆಣ್ಣು ಸಿಬ್ಬಂದಿಯೊಬ್ಬರು ಜೊತೆಗಿರಬೇಕು. ಒಬ್ಬರು ಗದರಿದರೆ ಅಥವಾ ನಕ್ಕರೆ ಇನ್ನೊಬ್ಬರ ಬಳಿ ಹೋಗಿ. ಗಂಡ ಜೊತೆಗೆ ಬಂದರೆ ಒಳ್ಳೆಯದು, ಆದರೂ ಮೊದಲ ಕೆಲವು ನಿಮಿಷ ವೈದ್ಯರೊಂದಿಗೆ ಒಬ್ಬರೇ ಮಾತಾಡಿ; ಅತ್ತೆ, ನಾದಿನಿ ಬಂದಿದ್ದರೆ ಅವರು ಹೊರಗಿನ ಬೆಂಚಿನ ಮೇಲೆ ಕೂತಿರಲಿ.